ಅನ್ನ ಬಿಟ್ಟು ರೊಟ್ಟಿ ಹಿಡಿದವರಿಗೆ ಒಂದು ಸಲಹೆ

ಸಕ್ಕರೆ ಕಾಯಿಲೆ ಇದ್ದವರು ಅನ್ನ ಬಿಟ್ಟು ಜೋಳದ ರೊಟ್ಟಿ ತಿಂದರೆ ಸಾಕೆಂದು ನಮ್ಮ ಗಂಗಾವತಿ ಭಾಗದಲ್ಲಿ ಅನೇಕರು ನಂಬಿದ್ದಾರೆ. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಆದರೆ 100 ಗ್ರಾಂ ಅಕ್ಕಿಯಲ್ಲಿ ರಕ್ತದ ಸಕ್ಕರೆ ಏರಿಸುವ ಕಾರ್ಬೋಹೈಡ್ರೇಟ್ ಸುಮಾರು 78 ಗ್ರಾಂ ಇದ್ದರೆ, ಅಷ್ಟೇ ಜೋಳದ ಹಿಟ್ಟಿನಲ್ಲೂ 70 ಗ್ರಾಂ ಆಸುಪಾಸು ಇರುತ್ತದೆ. ಜೋಳದಲ್ಲಿ ನಾರಿನಂಶ ಹೆಚ್ಚೆಂಬುದು ನಿಜವಾದರೂ, ನಾಲ್ಕು ರೊಟ್ಟಿ ತಿಂದರೂ ನಡೆಯುತ್ತದೆ ಎಂದು ಅದರ ಅರ್ಥವಲ್ಲ.

ಆದ್ದರಿಂದ ಧಾನ್ಯಕ್ಕಿಂತ ಮೊದಲು ಅಳತೆಯನ್ನು ಬದಲಿಸಬೇಕು. ತಟ್ಟೆಯಲ್ಲಿ ಒಂದೇ ರೊಟ್ಟಿ ಇಟ್ಟುಕೊಂಡು, ಉಳಿದ ಜಾಗವನ್ನು ಪುಂಡಿಪಲ್ಯ, ಮೆಂತ್ಯೆ ಸೊಪ್ಪು, ಎಣ್ಣೆಗಾಯಿ, ಹಸಿ ಸೌತೆಕಾಯಿಗಳಿಂದ ತುಂಬಿ, ಜೊತೆಗೆ ಮೊಟ್ಟೆ, ಮೀನು ಅಥವಾ ಗಟ್ಟಿ ಮೊಸರು ಸೇರಿಸಿದರೆ ಬೇಗ ಹಸಿವಾಗುವುದಿಲ್ಲ. ಶೇಂಗಾದಲ್ಲಿ 100 ಗ್ರಾಂಗೆ 25 ಗ್ರಾಂನಷ್ಟು ಪ್ರೋಟೀನ್ ಇರುವುದರಿಂದ ಶೇಂಗಾ ಚಟ್ನಿಪುಡಿಯೂ ಒಳ್ಳೆಯದೇ, ಬೆಲ್ಲ ಮಾತ್ರ ಬೇಡ. ಬಿಡಲು ಅತಿ ಕಷ್ಟವಾದದ್ದು ಒಗ್ಗರಣೆ-ಮಿರ್ಚಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ: ಕೈಗೆ ಹಗುರವೆನಿಸಿದರೂ ಮಂಡಕ್ಕಿಯೂ ಅಕ್ಕಿಯೇ, ಮಿರ್ಚಿಯ ಕಡಲೆಹಿಟ್ಟು, ಎಣ್ಣೆ ಬೇರೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಲೇ ಅನ್ನ, ರೊಟ್ಟಿ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಅವರೂ ಮೂತ್ರಪಿಂಡದ ತೊಂದರೆ ಇರುವವರೂ ಗರ್ಭಿಣಿಯರೂ ಮೊದಲು ವೈದ್ಯರನ್ನು ಕೇಳಲೇಬೇಕು. ಉಳಿದವರು ಊಟ ಆರಂಭಿಸಿದ 2 ಗಂಟೆಗಳ ನಂತರ ರಕ್ತದ ಸಕ್ಕರೆಯನ್ನು ಗ್ಲುಕೋಮೀಟರ್‌ನಲ್ಲಿ ನೋಡಿ, ಅಂದು ತಿಂದದ್ದನ್ನು ಪಕ್ಕದಲ್ಲೇ ಬರೆದಿಟ್ಟುಕೊಂಡರೆ, ತಮಗೆ ಯಾವ ಊಟ ಒಗ್ಗುತ್ತದೆಂದು ಕೆಲವೇ ವಾರಗಳಲ್ಲಿ ತಿಳಿಯುತ್ತದೆ.