ಬೆಳಗಿನ ಬ್ರೆಡ್ ಜಾಗಕ್ಕೆ ಅಗಸೆ ರೊಟ್ಟಿ

ಕೀಟೋ, ಅಂದರೆ ಪಿಷ್ಟ, ಸಕ್ಕರೆಯಂಥ ಕಾರ್ಬ್ ತೀರಾ ಕಡಿಮೆ ಮಾಡಿ ಕೊಬ್ಬು ಜಾಸ್ತಿ ತಿನ್ನುವ ಪಥ್ಯ, ಶುರು ಮಾಡಿದಾಗ ಅನ್ನ ಬಿಡುವುದು ಅಷ್ಟು ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಬೆಳಗಿನ ಬ್ರೆಡ್ ಬಿಡುವುದು. ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೋ ಹಿಡಿಯುವ ಗಡಿಬಿಡಿಯಲ್ಲಿ ಬ್ರೆಡ್, ಆಮ್ಲೆಟ್ ಎಷ್ಟು ಸುಲಭ ಅಲ್ವಾ? ಆದರೆ ಎರಡು ಸ್ಲೈಸ್‌ನಲ್ಲೇ ಸುಮಾರು 25 ಗ್ರಾಂ ಕಾರ್ಬ್. ನನ್ನ ಇಡೀ ದಿನದ ಮಿತಿಯೂ ಹೆಚ್ಚುಕಡಿಮೆ ಅಷ್ಟೇ.

ಒಂದು ಅಂಗಡಿಯಿಂದ ‘ಕೀಟೋ ಬ್ರೆಡ್’ ತಂದೆ. ಪ್ಯಾಕೆಟ್ ಹಿಂದೆ ಮೊದಲ ಹೆಸರೇ ಗೋಧಿ ಹಿಟ್ಟು! ಪದಾರ್ಥಗಳನ್ನು ಜಾಸ್ತಿ ತೂಕದ್ದು ಮೊದಲು ಅಂತ ಬರೆಯುತ್ತಾರೆ. ತುಂಬಾ ಬೇಜಾರಾಯಿತು. ಬಾದಾಮಿ ಹಿಟ್ಟಿನ ಬ್ರೆಡ್ ರುಚಿಯೇನೋ ಸರಿ, ದಿನಾ ಮಾಡಲು ದುಬಾರಿ.

ದಾರಿ ತೋರಿಸಿದ್ದು ಧಾರವಾಡದ ಗೆಳತಿಯ ಡಬ್ಬಿಯಲ್ಲಿದ್ದ ಅಗಸಿ ಚಟ್ನಿಪುಡಿ. 100 ಗ್ರಾಂ ಅಗಸೆ ಬೀಜದಲ್ಲಿ ಸುಮಾರು 29 ಗ್ರಾಂ ಕಾರ್ಬ್ ಇದ್ದರೂ ಅದರಲ್ಲಿ 27 ಗ್ರಾಂ ಬರೀ ನಾರು. ನಾರು ಜೀರ್ಣವಾಗುವುದಿಲ್ಲ, ಹಾಗಾಗಿ ಅದನ್ನು ನಾನು ದಿನದ ಮಿತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ ಹೀಗೆ ಮಾಡುತ್ತೇನೆ. ಬೀಜವನ್ನು ನುಣ್ಣಗೆ ಪುಡಿ ಮಾಡಿ ಒಂದು ಕಪ್ ಅಳೆದುಕೊಳ್ಳುತ್ತೇನೆ. ಮುಕ್ಕಾಲು ಕಪ್ ನೀರಿಗೆ ಉಪ್ಪು, ಜೀರಿಗೆ ಹಾಕಿ ಕುದಿಸಿ, ಒಲೆ ಆರಿಸಿ, ಪುಡಿ ಸುರಿದು ಕಲಸುತ್ತೇನೆ. ಥೇಟ್ ಉಕ್ಕರಿಸಿದ ಅಕ್ಕಿ ರೊಟ್ಟಿ ಹಿಟ್ಟಿನ ಹಾಗೆ. ನೀರು ಕುದಿದಿರಲೇಬೇಕು, ಇಲ್ಲದಿದ್ದರೆ ರೊಟ್ಟಿ ಒಡೆಯುತ್ತದೆ. ಐದು ನಿಮಿಷ ಬಿಟ್ಟು, ಎರಡು ಬಟರ್ ಪೇಪರ್ ನಡುವೆ ಲಟ್ಟಿಸಿ ತವೆಯಲ್ಲಿ ಬೇಯಿಸಿದರೆ ಮುಗಿಯಿತು.

ನಾರು ಜಾಸ್ತಿ, ಹಾಗಾಗಿ ನೀರು ಚೆನ್ನಾಗಿ ಕುಡಿಯಿರಿ. ಪುಡಿ ಬೇಗ ಕಮಟು ಹಿಡಿಯುತ್ತದೆ, ಫ್ರಿಜ್‌ನಲ್ಲಿಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಕೀಟೋ ಶುರು ಮಾಡುವ ಮೊದಲೇ ಡಾಕ್ಟರನ್ನು ಕೇಳಿ.

ಭಾನುವಾರ ಆರು ರೊಟ್ಟಿ ಮಾಡಿಟ್ಟರೆ ಬುಧವಾರದವರೆಗೆ ನನಗೆ ಚಿಂತೆಯಿಲ್ಲ. ಆಮ್ಲೆಟ್ ಸುತ್ತಿಕೊಂಡು ಹೊರಡುತ್ತೇನೆ.