ಊರುಗಳ ಸರಾಸರಿಯೋ, ಜನರ ಸರಾಸರಿಯೋ: ಕ್ಲಸ್ಟರ್ ಟ್ರಯಲ್ ವಿಶ್ಲೇಷಣೆಯಲ್ಲಿ ನನ್ನ ಅನುಭವ

ಚಿಕಿತ್ಸೆಯನ್ನು ಒಬ್ಬೊಬ್ಬ ರೋಗಿಗೆ ಹಂಚದೆ ಇಡೀ ಊರಿಗೋ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಗೋ ಯಾದೃಚ್ಛಿಕವಾಗಿ ಹಂಚಿದ ಪ್ರಯೋಗದ ದತ್ತಾಂಶ ಕೈಗೆ ಬಂದಾಗ, ನಾನು ಮೊದಲು ಎಣಿಸುವುದು ಹೀಗೆ ಒಟ್ಟಿಗೆ ಹಂಚಿದ ಗುಂಪುಗಳನ್ನು, ಅಂದರೆ ಕ್ಲಸ್ಟರ್‌ಗಳನ್ನೇ ಹೊರತು ರೋಗಿಗಳನ್ನಲ್ಲ. ಗರ್ಭಿಣಿಯರ ರಕ್ತದೊತ್ತಡದ ತೊಡಕುಗಳ ಬಗ್ಗೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ನಡೆದ ಕ್ಲಿಪ್ ಪ್ರಯೋಗದಲ್ಲಿ ಸಾವಿರಾರು ಮಹಿಳೆಯರಿದ್ದರೂ ಕ್ಲಸ್ಟರ್‌ಗಳಿದ್ದದ್ದು 12. ಒಂದೇ ಆಶಾ ಕಾರ್ಯಕರ್ತೆ, ಒಂದೇ ವೈದ್ಯರನ್ನು ನೆಚ್ಚಿದವರ ಫಲಿತಾಂಶಗಳು ಒಂದನ್ನೊಂದು ಹೋಲುವುದು ಸಹಜ. ತಲಾ 50 ಜನರಿರುವ 20 ಕ್ಲಸ್ಟರ್‌ಗಳಲ್ಲಿ ಈ ಹೋಲಿಕೆಯ ಅಳತೆಯಾದ ಐಸಿಸಿ 0.05 ಇದ್ದರೆ, ಇದರಿಂದ ಮಾಹಿತಿ ಎಷ್ಟು ಪಟ್ಟು ಕುಗ್ಗುತ್ತದೆ ಎಂದು ಹೇಳುವ ಡಿಸೈನ್ ಎಫೆಕ್ಟ್ 1 + 49 × 0.05, ಅಂದರೆ 3.45 ಆಗುತ್ತದೆ, 1,000 ಜನರ ಮಾಹಿತಿ ಸುಮಾರು 290 ಜನರ ಮಾಹಿತಿಗಷ್ಟೇ ಸಮ.

ಇಷ್ಟನ್ನು ಈಗ ಬಹುತೇಕರು ಗಮನಿಸುತ್ತಾರೆ. ಯಾರ ಸರಾಸರಿಯನ್ನು ಅಂದಾಜಿಸುತ್ತಿದ್ದೇವೆ ಎಂಬ ಪ್ರಶ್ನೆಯನ್ನು ಮಾತ್ರ ಕೇಳುವವರು ಕಡಿಮೆ. 300 ಜನರ ಊರಿನಲ್ಲಿ ಚಿಕಿತ್ಸೆಯಿಂದ ರಕ್ತದೊತ್ತಡ 2 ಅಂಕ, 30 ಜನರ ಊರಿನಲ್ಲಿ 8 ಅಂಕ ಇಳಿಯುತ್ತದೆ ಎಂದುಕೊಳ್ಳೋಣ. ಊರುಗಳ ಲೆಕ್ಕದಲ್ಲಿ ಸರಾಸರಿ ಪರಿಣಾಮ 5, ಜನರ ಲೆಕ್ಕದಲ್ಲಿ ಸುಮಾರು 2.5. ಎರಡೂ ಸರಿಯೇ, ಆದರೆ ಅವು ಬೇರೆ ಬೇರೆ ಪ್ರಶ್ನೆಗಳ ಉತ್ತರಗಳು. ನಾವು ರೂಢಿಯಂತೆ ಬಳಸುವ, ಊರೂರಿನ ನಡುವಿನ ವ್ಯತ್ಯಾಸವನ್ನೂ ಲೆಕ್ಕಕ್ಕೆ ಸೇರಿಸುವ ಮಿಕ್ಸೆಡ್ ಮಾಡೆಲ್ ದೊಡ್ಡ ಊರಿನ ತೂಕವನ್ನು ಐಸಿಸಿಗೆ ತಕ್ಕಂತೆ ತಗ್ಗಿಸುವುದರಿಂದ, ಪರಿಣಾಮವು ಊರಿನ ಗಾತ್ರದೊಂದಿಗೆ ಬದಲಾಗುವಲ್ಲಿ ಈ ಎರಡರ ನಡುವಿನ, ಯಾರೂ ಕೇಳದ ಒಂದು ಸಂಖ್ಯೆಯನ್ನು ಕೊಡುತ್ತದೆ.

ಆದ್ದರಿಂದ ವಿಶ್ಲೇಷಣಾ ಯೋಜನೆಯಲ್ಲೇ ಗುರಿಯನ್ನು ಬರೆದಿಡುತ್ತೇನೆ. ಜನರ ಸರಾಸರಿ ಬೇಕಾದಾಗ ಇಂಡಿಪೆಂಡೆನ್ಸ್ ಕೋರಿಲೇಶನ್ ಇಟ್ಟ, ಅಂದರೆ ಪ್ರತಿಯೊಬ್ಬರಿಗೂ ಸಮಾನ ತೂಕ ಕೊಡುವ ಜಿಇಇ (ಗುಂಪುಗಳಲ್ಲಿರುವ ದತ್ತಾಂಶಕ್ಕೆ ಬಳಸುವ ಒಂದು ಅಂದಾಜು ವಿಧಾನ) ಬಳಸಿ, ಅಂದಾಜಿನ ಅನಿಶ್ಚಿತತೆಯ ಅಳತೆಯಾದ ಸ್ಟ್ಯಾಂಡರ್ಡ್ ಎರರ್ ಅನ್ನು ಕ್ಲಸ್ಟರ್ ಮಟ್ಟದಲ್ಲಿ ಲೆಕ್ಕ ಹಾಕುತ್ತೇನೆ. ಕ್ಲಸ್ಟರ್‌ಗಳು ಕಡಿಮೆಯಿದ್ದಾಗ ಆ ಎರರ್ ನಿಜಕ್ಕಿಂತ ಚಿಕ್ಕದಾಗಿ ಕಾಣುವುದರಿಂದ ಸಣ್ಣ ಮಾದರಿಯ ತಿದ್ದುಪಡಿ ಬೇಕೇ ಬೇಕು. ಊರುಗಳ ಸರಾಸರಿ ಬೇಕಾದರೆ ಪ್ರತಿ ಕ್ಲಸ್ಟರ್‌ಗೆ ಒಂದು ಸರಾಸರಿ ತೆಗೆದು, ಚಿಕಿತ್ಸೆ ಪಡೆದ ಮತ್ತು ಪಡೆಯದ ಎರಡು ಗುಂಪುಗಳನ್ನು ಹೋಲಿಸುವ ಟಿ-ಪರೀಕ್ಷೆ ಮಾಡುತ್ತೇನೆ. ಸಹೋದ್ಯೋಗಿಗಳಿಗೆ ಇದು ಹಳೆಯ ಕಾಲದ ವಿಧಾನ ಅನಿಸಬಹುದು. ಆದರೆ 12 ಕ್ಲಸ್ಟರ್‌ಗಳಿಗೆ ಡಿಗ್ರೀಸ್ ಆಫ್ ಫ್ರೀಡಂ (ಕ್ಲಸ್ಟರ್ ಸಂಖ್ಯೆಯಿಂದ ಎರಡು ಗುಂಪುಗಳಿಗಾಗಿ 2 ಕಳೆದದ್ದು) 10, ವ್ಯತ್ಯಾಸ ಬರೀ ಆಕಸ್ಮಿಕವಲ್ಲ ಎನ್ನಲು ದಾಟಬೇಕಾದ ಗಡಿ ಮೌಲ್ಯ 1.96 ಅಲ್ಲ, 2.228 ಎಂಬುದು ಅಲ್ಲಿ ಎದ್ದು ಕಾಣುತ್ತದೆ. ವಿತರಣೆ ತೀರಾ ಓರೆಯಾಗಿದ್ದರೆ, ಮೂಲ ಹಂಚಿಕೆಯ ನಿರ್ಬಂಧಗಳನ್ನು ಉಳಿಸಿಕೊಂಡೇ ಹಂಚಿಕೆಯನ್ನು ಮತ್ತೆ ಮತ್ತೆ ಬದಲಿಸಿ ಫಲಿತಾಂಶವನ್ನು ಹೋಲಿಸುವ ಪರ್ಮ್ಯುಟೇಶನ್ ಪರೀಕ್ಷೆಯನ್ನೂ ಮಾಡುತ್ತೇನೆ.