ಶನಿವಾರದ ಬಟವಾಡೆ, ಭಾನುವಾರದ ಪ್ರಸಂಗ

ನಾನು ಕಟ್ಟಡದ ಸಣ್ಣ ಗುತ್ತಿಗೆ ಕೆಲಸ ಮಾಡುವವನು. ನಮ್ಮ ಚರ್ಚಿನ ಸಭೆಯಲ್ಲಿ ಹಿರಿಯನೂ ಹೌದು. ಅಯ್ಯನವರು, ಅಂದರೆ ನಮ್ಮ ಪಾದ್ರಿ, ಬೇರೆ ಊರಿನ ಸಭೆಗೆ ಹೋದ ಭಾನುವಾರ ಪ್ರಸಂಗ, ಅಂದರೆ ಆರಾಧನೆಯ ಉಪದೇಶ, ನನ್ನ ಪಾಲಿಗೆ ಬರುತ್ತದೆ.

ಒಂದು ವರ್ಷ ಸುಗ್ಗಿ ಹಬ್ಬದ ದಿನ ಬೈಬಲಿನ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ತೆಗೆದುಕೊಂಡೆ. ಹೊಲ ಕೊಯ್ದವರ ಕೂಲಿ ಹಿಡಿದಿಟ್ಟುಕೊಂಡರೆ ಆ ಕೂಲಿಯೇ ಕೂಗುತ್ತದೆ ಅನ್ನುವ ಮಾತು ಅಲ್ಲಿದೆ. ಮುಕ್ಕಾಲು ಗಂಟೆ ಮಾತಾಡಿದೆ. ಆಮೇಲೆ ಸಭೆಗೆ ಕಾಣಿಕೆಯಾಗಿ ಬಂದ ಬೆಳೆಯ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ 1,500 ರೂಪಾಯಿ ಕೂಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಹೊರಗೆ ಬಂದರೆ ಗೇಟಿನ ಹತ್ತಿರ ನಮ್ಮಲ್ಲಿ ಗಾರೆ ಹೊರುವ ಹೆಂಗಸು ನಿಂತಿದ್ದರು. ಅವರೂ ನಮ್ಮ ಸಭೆಯವರೇ. "ಅಣ್ಣಾ, ಎರಡು ವಾರದ ಬಟವಾಡೆ ನಾಳೆ ಆಗುತ್ತಾ?" ಎಂದು ಮೆಲ್ಲಗೆ ಕೇಳಿದರು. ಪ್ರಸಂಗದ ಬಗ್ಗೆ ಒಂದು ಮಾತೂ ಆಡಲಿಲ್ಲ. ಕುಂಬಳಕಾಯಿ ನನ್ನ ಕೈಯಲ್ಲೇ ಇತ್ತು.

ಸೋಮವಾರ ಕೊಡ್ತೀನಿ ಎಂದವನು ನಾನೇ. ಅದಕ್ಕೂ ಮುಂಚೆ ಶನಿವಾರ ಎಂದಿದ್ದೆ. ಪಾರ್ಟಿ, ಅಂದರೆ ಕೆಲಸ ಕೊಟ್ಟ ಮಾಲೀಕ, ದುಡ್ಡು ಕೊಟ್ಟಿಲ್ಲ ಅನ್ನುವುದು ಕಾರಣ. ಅದು ಸುಳ್ಳಲ್ಲ. ಆದರೆ ಹರಾಜಿಗೆ ದುಡ್ಡಿತ್ತು, ಅಲ್ವಾ?

ಆ ಸಂಜೆ ಮನೆಯಲ್ಲಿದ್ದದ್ದನ್ನು ಕೂಡಿಸಿ, ಸಾಲದ್ದಕ್ಕೆ ತಮ್ಮನ ಹತ್ತಿರ ಕೈಸಾಲ ತೆಗೆದುಕೊಂಡು, ಐದು ಜನ ಕೂಲಿಯವರ ಮನೆಗೂ ಹೋಗಿ ಕೊಟ್ಟು ಬಂದೆ. ಪ್ರತಿ ಮನೆಯಲ್ಲೂ ಕ್ಷಮೆ ಕೇಳಿದೆ. ರಾತ್ರಿ ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಓದಿದೆ. ಕೂಲಿಯವನಿಗೆ ಹೊತ್ತು ಮುಳುಗುವ ಮೊದಲೇ ಕೂಲಿ ಕೊಡಬೇಕು, ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ ಎಂದಿದೆ. ಎಷ್ಟೋ ಸಲ ಓದಿದ್ದೆ.

ಮನಸ್ಸು ಬದಲಾದರೆ ಸಾಲದು, ಲೆಕ್ಕವೂ ಬದಲಾಗಬೇಕಿತ್ತು. ಈಗ ಪಾರ್ಟಿಯಿಂದ ಹಣ ಬಂದ ಕೂಡಲೇ ಎರಡು ವಾರದ ಕೂಲಿ ಬೇರೆ ಖಾತೆಗೆ ಹೋಗುತ್ತದೆ. ಸಿಮೆಂಟ್, ಕಬ್ಬಿಣ, ಮರಳು ಆಮೇಲೆ. ಅಂಗಡಿಯವರು ತಾವಾಗಿಯೇ ನನಗೆ ಒಂದು ತಿಂಗಳು ಕಡ ಕೊಡುತ್ತಾರೆ. ಕೂಲಿಯವರನ್ನು ನಾನು ಕೇಳದೆಯೇ ಕಡ ಕೊಡುವವರನ್ನಾಗಿ ಮಾಡಿದ್ದೆ.

ಸಭೆಯ ಕೆಲಸದಲ್ಲೂ ಕಣ್ಣು ತೆರೆಯಿತು. ಕಾಣಿಕೆಯನ್ನು ಈಗ ಇಬ್ಬರು ಕೂತು ಎಣಿಸಿ ಸಹಿ ಮಾಡುತ್ತೇವೆ, ಲೆಕ್ಕ ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ಬೈಬಲಿನಲ್ಲಿ ಅಪೊಸ್ತಲ ಪೌಲನೇ ಸಹಾಯದ ಹಣ ಸಾಗಿಸುವಾಗ ಯಾರೂ ತಪ್ಪು ಹೊರಿಸದ ಹಾಗೆ ಜೊತೆಗೆ ಬೇರೆಯವರನ್ನು ಇಟ್ಟುಕೊಂಡಿದ್ದ. ಅವನಿಗೆ ಬೇಕಾದದ್ದು ನಮಗೆ ಬೇಡವೇ? "ನಿಮಗಾಗಿ ಪ್ರಾರ್ಥನೆ ಮಾಡ್ತೀನಿ" ಎಂದು ಸುಮ್ನೆ ಹೇಳುವುದನ್ನೂ ಬಿಟ್ಟೆ. ನಿಂತಲ್ಲೇ ಪ್ರಾರ್ಥಿಸುತ್ತೇನೆ.

ಪ್ರಸಂಗದ ಹಿಂದಿನ ರಾತ್ರಿ ಟಿಪ್ಪಣಿಯನ್ನು ಹೆಂಡತಿಗೆ ಓದಿ ಹೇಳುತ್ತೇನೆ. ಒಮ್ಮೆ ಕೋಪದ ಬಗ್ಗೆ ಬರೆದಿದ್ದೆ. "ರೀ, ಇದನ್ನ ಈ ವಾರ ಹೇಳಬೇಡಿ. ಬುಧವಾರ ಮಗನಿಗೆ ಬೈದದ್ದು ಇನ್ನೂ ಸರಿ ಮಾಡಿಕೊಂಡಿಲ್ಲ" ಎಂದಳು. ಮಗ ಆಗಲೇ ಮಲಗಿದ್ದ. ಬೆಳಿಗ್ಗೆ ಆರಾಧನೆಗೆ ಹೊರಡುವ ಮೊದಲು ಅವನ ಹತ್ತಿರ ಮಾತಾಡಿದೆ. ಪ್ರಸಂಗಕ್ಕೆ ಬೇರೆ ವಾಕ್ಯ ತೆಗೆದುಕೊಂಡೆ.

ಒಂದು ಮಳೆಗಾಲದಲ್ಲಿ ಮೂರು ವಾರ ಕೆಲಸ ನಿಂತಿತು. ಖಾತೆಯಲ್ಲಿಟ್ಟದ್ದು ಬಾಕಿ ಕೂಲಿಗೆ ಸಾಲಲಿಲ್ಲ. ಗುರುವಾರವೇ ಎಲ್ಲರನ್ನೂ ಕರೆದು, ಶನಿವಾರ ಅರ್ಧ ಮಾತ್ರ ಸಿಗುತ್ತದೆ, ಉಳಿದದ್ದು ಮುಂದಿನ ಶನಿವಾರ ಎಂದು ಹೇಳಿದೆ. ಅಂದು ಗೇಟಿನ ಹತ್ತಿರ ನಿಂತಿದ್ದ ಆ ಹೆಂಗಸು, "ಮೊದಲೇ ಹೇಳಿದ್ರಲ್ಲ ಅಣ್ಣಾ, ರೇಷನ್ ಹೇಗೋ ಹೊಂದಿಸ್ಕೊಳ್ತೀನಿ" ಎಂದರು. ಮುಂದಿನ ಶನಿವಾರ ಐದು ಗಂಟೆಗೆ ಉಳಿದದ್ದನ್ನು ಎಣಿಸಿ ಅವರ ಕೈಗೆ ಕೊಟ್ಟೆ.